ನೆರಳೊಂದು, ಕಾರಣಗಳೆರಡು

ದೀಪದ ಮುಂದೆ ಚೆಂಡನ್ನು ಹಿಡಿದರೂ ಕಿತ್ತಳೆಯನ್ನು ಹಿಡಿದರೂ ಗೋಡೆಯ ಮೇಲೆ ಬೀಳುವ ನೆರಳು ಒಂದೇ. ನೆರಳು ವಸ್ತುವಿನ ಆಕಾರವನ್ನು ತಿಳಿಸಬಲ್ಲುದೇ ಹೊರತು ಅದರ ಸ್ವಭಾವವನ್ನಲ್ಲ. 1895ರಲ್ಲಿ ರಾಂಟ್‌ಜನ್ ಕಂಡುಹಿಡಿದ ಕ್ಷಕಿರಣಗಳು ಮೂಡಿಸುವ ಚಿತ್ರವೂ ಒಂದು ಬಗೆಯ ನೆರಳೇ. ಇದರಿಂದ ವೈದ್ಯರಿಗೆ ಒದಗುವ ತೊಡಕನ್ನು ಕುಷಿಂಗ್ ಸಿಂಡ್ರೋಮ್ ಎಂಬ ಹಾರ್ಮೋನು ವಿಕಾರದಲ್ಲಿ ನಾವು ಸ್ಪಷ್ಟವಾಗಿ ಕಾಣಬಹುದು.

ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು ಕಾರ್ಟಿಸಾಲ್ ಎಂಬ ಹಾರ್ಮೋನನ್ನು ಸ್ರವಿಸುತ್ತವೆ. ಮಿದುಳಿನ ತಳದ ಪಿಟ್ಯುಟರಿ ಗ್ರಂಥಿಯು ಎ.ಸಿ.ಟಿ.ಎಚ್. ಎಂಬ ಮತ್ತೊಂದು ಹಾರ್ಮೋನಿನ ಮೂಲಕ ಅವನ್ನು ಪ್ರಚೋದಿಸುತ್ತದೆ. ಕಾರ್ಟಿಸಾಲ್ ಬಹುಕಾಲ ಮಿತಿಮೀರಿದರೆ ಮುಖ ದುಂಡಗಾಗುವುದು, ಸ್ನಾಯುಗಳು ಸೊರಗುವುವು, ರಕ್ತದ ಒತ್ತಡ ಏರುವುದು. ಅಮೆರಿಕದ ಶಸ್ತ್ರವೈದ್ಯ ಹಾರ್ವೆ ಕುಷಿಂಗ್ 1932ರಲ್ಲಿ ಇಂಥ ರೋಗಿಗಳನ್ನು ಕುರಿತು ವಿವರವಾಗಿ ಬರೆದನು.

ಕೆಲವರಲ್ಲಿ ತಪ್ಪು ಪಿಟ್ಯುಟರಿಯದಲ್ಲ. ಶ್ವಾಸಕೋಶದಲ್ಲಿ ಬೆಳೆದ ಪುಟ್ಟ ಗಡ್ಡೆಯೊಂದು ತಾನೇ ಎ.ಸಿ.ಟಿ.ಎಚ್. ತಯಾರಿಸುತ್ತಿರುವುದು. ಅದನ್ನು ಕತ್ತರಿಸಿ ತೆಗೆದರೆ ರೋಗ ಗುಣವಾಗಬಹುದು. ಆದುದರಿಂದ ಚಿತ್ರದಲ್ಲಿ ಕಲೆಯೊಂದು ಕಂಡೊಡನೆ ಕಳ್ಳ ಸಿಕ್ಕಿಬಿದ್ದನೆಂದು ತೋರುವುದು ಸಹಜ. ಆದರೆ ಕಾರ್ಟಿಸಾಲ್ ಮಿತಿಮೀರಿದಾಗ ದೇಹದ ರೋಗನಿರೋಧಕ ಶಕ್ತಿಯೂ ಕುಗ್ಗುವುದು. ಆಗ ಮಣ್ಣಿನಲ್ಲಿ ವಾಸಿಸುವ ನೊಕಾರ್ಡಿಯ ಎಂಬ ಬ್ಯಾಕ್ಟೀರಿಯ, ಆಸ್ಪರ್ಜಿಲಸ್ ಎಂಬ ಬೂಷ್ಟು, ಕ್ಷಯದ ರೋಗಾಣು ಇವುಗಳಲ್ಲಿ ಯಾವುದಾದರೂ ಶ್ವಾಸಕೋಶದಲ್ಲಿ ನೆಲೆಯೂರಿ ಅಂಥದೇ ಕಲೆಯನ್ನು ಮೂಡಿಸಬಹುದು; ಜ್ವರವೂ ಅಷ್ಟಾಗಿ ಕಾಣದಿರಬಹುದು. ಹೀಗೆ ಕಲೆಯು ವಿಕಾರದ ಕಾರಣವೂ ಆಗಿರಬಹುದು, ಪರಿಣಾಮವೂ ಆಗಿರಬಹುದು.

ಎಣಿಕೆ ತಪ್ಪಿದರೆ ಅಪಾಯ ಎರಡೂ ಕಡೆಗುಂಟು. ಸೋಂಕನ್ನು ಗಡ್ಡೆಯೆಂದು ಬಗೆದರೆ ವೃಥಾ ಶಸ್ತ್ರಕ್ರಿಯೆ. ಅಷ್ಟರಲ್ಲಿ ನೊಕಾರ್ಡಿಯ ಮಿದುಳಿಗೂ ಹರಡಬಹುದು. ಗಡ್ಡೆಯನ್ನು ಸೋಂಕೆಂದು ಬಗೆದರೆ ಹಾರ್ಮೋನಿನ ಹಾವಳಿ ನಿಲ್ಲದು.

ನೆರಳಿಗಿಂತ ಹೆಚ್ಚನ್ನು ತಿಳಿಯಲು ಭೌತವಿಜ್ಞಾನವು ಒಂದು ಉಪಾಯವನ್ನೊದಗಿಸಿದೆ. ಫ್ಲೂರಿನ್-18 ಸೇರಿಸಿದ ಸಕ್ಕರೆಯನ್ನು ರಕ್ತಕ್ಕೆ ಚುಚ್ಚುವರು. ಇದರ ಅರ್ಧಾಯು ಸುಮಾರು 110 ನಿಮಿಷ. ಅದು ಹೊರಸೂಸುವ ಪಾಸಿಟ್ರಾನ್ ಎಲೆಕ್ಟ್ರಾನನ್ನು ಸಂಧಿಸಿ ಎರಡೂ ಅಳಿದು, ಎರಡು ಗಾಮಾ ಕಿರಣಗಳು ವಿರುದ್ಧ ದಿಕ್ಕುಗಳಿಗೆ ಚಿಮ್ಮುವುವು. ಇವನ್ನು ಹಿಡಿದು, ಸಕ್ಕರೆ ಎಲ್ಲಿ ಹೆಚ್ಚು ಖರ್ಚಾಗುತ್ತಿದೆಯೆಂದು ಗುರುತಿಸಬಹುದು. ಆದರೆ ಸೋಂಕಿನೊಡನೆ ಹೋರಾಡುವ ಬಿಳಿಯ ರಕ್ತಕಣಗಳೂ ಸಕ್ಕರೆಯನ್ನು ಬಳಸುವುವು; ನಿಧಾನವಾಗಿ ಬೆಳೆಯುವ ಗಡ್ಡೆಯಾದರೋ ಅದನ್ನು ಹೆಚ್ಚಾಗಿ ಹೀರದಿರಬಹುದು. ಇಂಥ ಗಡ್ಡೆಗಳ ಕೋಶಗಳಿಗೆ ಅಂಟಿಕೊಳ್ಳುವ ಗ್ಯಾಲಿಯಮ್-68ರ ಸಂಯುಕ್ತವು ಹೆಚ್ಚು ನೆರವಾಗುವುದು; ಒಮ್ಮೊಮ್ಮೆ ಉರಿಯೂತವೂ ಅದನ್ನು ಸೆಳೆಯುವುದುಂಟು.

ಆದುದರಿಂದ ಕಫವನ್ನು ಪರೀಕ್ಷಿಸಿ, ಅಗತ್ಯವಾದಲ್ಲಿ ಸೂಜಿಯಿಂದ ಕಲೆಯ ತುಣುಕೊಂದನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವರು. ರೋಗಾಣುಗಳನ್ನು ಬೆಳೆಸಿಯೂ ನೋಡುವರು. ಯಂತ್ರವು ಎಲ್ಲಿ ಹುಡುಕಬೇಕೆಂಬುದನ್ನು ತೋರಿಸುವುದು. ಅಲ್ಲಿರುವುದು ಏನೆಂಬುದನ್ನು ನಾವು ಬಹುಮಟ್ಟಿಗೆ ಆ ತುಣುಕಿನಿಂದಲೇ ಅರಿಯಬೇಕು.