30 ದಿನ, ಒಂದು ಫೋನು, ಒಂದು ಮಳೆನೀರಿನ ಗುಂಡಿ

ಇವತ್ತಿನ ಎಪಿಸೋಡ್ ಫೋನಲ್ಲೇ ನೇಚರ್ ಫಿಲ್ಮ್ ಮಾಡೋದರ ಬಗ್ಗೆ. ಇಯರ್‌ಫೋನ್ ಹಾಕ್ಕೊಳ್ಳಿ, ಮಧ್ಯೆ ಕಪ್ಪೆ ಕೂಗುತ್ತೆ.

ಬ್ರಿಟನ್ನಿನ ವೈಲ್ಡ್‌ಲೈಫ್ ಟ್ರಸ್ಟ್ಸ್ ಅನ್ನೋ ಸಂಸ್ಥೆಗಳು ಪ್ರತಿ ಜೂನ್‌ನಲ್ಲಿ '30 ಡೇಸ್ ವೈಲ್ಡ್' ನಡೆಸುತ್ತವೆ. ತಿಂಗಳಿಡೀ ದಿನಕ್ಕೊಂದು ಸಲ ಹೊರಗೆ ಹೋಗಿ ಪ್ರಕೃತಿ ಜೊತೆ ಏನಾದರೂ ಮಾಡಬೇಕು, ಅಷ್ಟೇ ನಿಯಮ. ಅವರಿಗೆ ಜೂನ್ ಅಂದ್ರೆ ರಾತ್ರಿ ಒಂಬತ್ತಾದರೂ ಬೆಳಕು. ನಮಗೆ ಮುಂಗಾರು: ರೋಹಿಣಿ ಮುಗಿದು ಮೃಗಶಿರ, ಕೊನೇ ವಾರಕ್ಕೆ ಆರಿದ್ರ. ಐಡಿಯಾ ಅವರದ್ದು ತಗೊಳ್ಳೋಣ, ಪಟ್ಟಿ ಮಾತ್ರ ಬೇಡ.

'ವೈಲ್ಡ್ ಕರ್ನಾಟಕ' ನೋಡಿದವರಿಗೆ ಹುಲಿಯೇ ಬೇಕು ಅನ್ನಿಸೋದು ಸಹಜ. ಆದರೆ ಅಂಥ ಚಿತ್ರಕ್ಕೆ ವರ್ಷಗಟ್ಟಲೆ ಕಾಯುತ್ತಾರೆ, ನಮ್ಮ ಕೈಲಿರೋದು 30 ದಿನ. ಹಾಗಾಗಿ ಒಂದು ತಿಂಗಳಲ್ಲಿ ಕಥೆ ಮುಗಿಯೋ ಜೀವಿಯನ್ನೇ ಹೀರೋ ಮಾಡಬೇಕು. ಫ್ಲ್ಯಾಟ್‌ನಲ್ಲಿದ್ದರೆ ಕುಂಡದ ಕರಿಬೇವು ನೋಡಿ. ಹಕ್ಕಿ ಹಿಕ್ಕೆ ಥರ ಕಾಣೋ ಒಂದು ಮರಿ ಹುಳ ಸಿಗಬಹುದು. ಅದು ಬೆಳೆದು ಹಸಿರಾಗಿ, ಪ್ಯೂಪಾ ಆಗಿ, ಸುಮಾರು ಒಂದು ತಿಂಗಳೊಳಗೆ ಚಿಟ್ಟೆಯಾಗಿ ಹಾರುತ್ತೆ.

ನಾನು ಆರಿಸಿಕೊಂಡಿದ್ದು ನಮ್ಮ ಲೇಔಟ್‌ನ ಖಾಲಿ ಸೈಟಿನ ಗುಂಡಿ. ಮಳೆಗುಂಡಿಯಲ್ಲಿ ಮೀನಿರಲ್ಲ, ಅಂದ್ರೆ ಗೊದಮೊಟ್ಟೆಗಳನ್ನ ತಿನ್ನೋರು ಕಮ್ಮಿ. ಬದಲಿಗೆ ನೀರು ಯಾವಾಗ ಬೇಕಾದರೂ ಒಣಗಬಹುದು. ಅದಕ್ಕೇ ಅಲ್ಲಿನ ಕಪ್ಪೆಗಳಿಗೆ ಅಷ್ಟು ಅವಸರ. ಮೊದಲ ದೊಡ್ಡ ಮಳೆಯ ರಾತ್ರಿ ವಟವಟ, ಬೆಳಗ್ಗೆ ನೀರಿನ ಮೇಲೆ ಸಬ್ಬಕ್ಕಿ ಪಾಯಸದಂಥ ಮೊಟ್ಟೆ, ಆಮೇಲೆ ಬಾಲ ಆಡಿಸೋ ಕರಿ ಚುಕ್ಕಿಗಳು. ಅಲ್ಲೇ ಒಂದು ಇಟ್ಟಿಗೆ ಇಟ್ಟು, ದಿನಾ ಅದರ ಮೇಲಿಂದಲೇ 10 ಸೆಕೆಂಡ್ ತೆಗೆದೆ. ನಾನು ಬಿ.ಕಾಂ., ಲೆಕ್ಕ ಬಿಡಲ್ಲ: 30 ದಿನಕ್ಕೆ 300 ಸೆಕೆಂಡ್, ಐದು ನಿಮಿಷದ ಸಿನಿಮಾ. ಜಾಗ ಬದಲಾಗದೇ ಇದ್ದರೆ ಮಾತ್ರ ನೀರು ಇಳಿಯೋದು, ಹುಲ್ಲು ಏರೋದು ಕಾಣುತ್ತೆ.

20ನೇ ದಿನ ಮಣ್ಣು ತುಂಬಿದ ಟ್ರ್ಯಾಕ್ಟರ್ ಬಂತು. ಗೊದಮೊಟ್ಟೆಗಳಿಗೆ ಆಗ ತಾನೇ ಹಿಂಗಾಲು ಬಂದಿತ್ತು. ಸೈಟು ಓನರದ್ದು, ಮನೆ ಕಟ್ಟಲೇಬೇಕು. ಅಕ್ಕಪಕ್ಕದವರಿಗೆ ಸೊಳ್ಳೆ ಚಿಂತೆ, ಅದೂ ನ್ಯಾಯವೇ. "ಅಣ್ಣಾ, ಈ ಮೂಲೆ ಒಂದು ಹತ್ತು ದಿನ ಬಿಡ್ತೀರಾ?" ಅಂತ ಡ್ರೈವರನ್ನ ಕೇಳಿ ಅಷ್ಟೂ ದಿನದ ಕ್ಲಿಪ್ ತೋರಿಸಿದೆ. ಎರಡು ಸಲ ನೋಡಿದರು, ಮೇಸ್ತ್ರಿಗೆ ಫೋನ್ ಮಾಡಿದರು. ಮಣ್ಣು ಆಚೆ ಬದಿಗೆ ಬಿತ್ತು, ಅರ್ಧ ಗುಂಡಿ ಉಳೀತು. 27ನೇ ದಿನ ಇಟ್ಟಿಗೆ ಮೇಲೆ ಬೆರಳುಗುರಿನಷ್ಟು ಕಪ್ಪೆಮರಿಗಳು ಕೂತಿದ್ದವು, ಬಾಲ ಇನ್ನೂ ಪೂರ್ತಿ ಹೋಗಿರಲಿಲ್ಲ.

ಈಗ ಟೆಕ್ನಿಕ್. ಸ್ಕ್ರೀನ್ ಒತ್ತಿ ಹಿಡಿದು ಫೋಕಸ್, ಬೆಳಕು ಎರಡೂ ಲಾಕ್ ಮಾಡಿ, ಇಲ್ಲಾಂದ್ರೆ ಮೋಡ ಸರಿದ ಹಾಗೆಲ್ಲ ಚಿತ್ರ ಮಿಣಮಿಣ ಅನ್ನುತ್ತೆ. ಟೈಮ್‌ಲ್ಯಾಪ್ಸ್‌ಗೆ 5 ಸೆಕೆಂಡಿಗೊಂದು ಫ್ರೇಮ್ ಅಂದ್ರೆ ಗಂಟೆಗೆ 720. ಸೆಕೆಂಡಿಗೆ 24ರಂತೆ ಓಡಿಸಿದರೆ ಅರ್ಧ ನಿಮಿಷ. ಸೌಂಡ್ ಬೇರೆಯಾಗಿ, ರಾತ್ರಿ ಮಳೆ ನಿಂತ ಮೇಲೆ ಒಂದೆರಡು ನಿಮಿಷ ರೆಕಾರ್ಡ್ ಮಾಡಿ. ನನ್ನ ಪ್ರಕಾರ ನೋಡುಗರನ್ನ ಹಿಡಿದಿಡೋದು ಅದೇ, 4ಕೆ ಅಲ್ಲ.

ಹಕ್ಕಿಗೂಡು ತೆಗೀಬಹುದಾ ಅಂತ ಕೆಲವರು ಕೇಳಿದ್ದೀರಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ 'ಬೇಟೆ' ಅನ್ನೋ ಪದದ ಅರ್ಥದೊಳಗೆ ಕಾಡುಹಕ್ಕಿಗಳ ಗೂಡು, ಮೊಟ್ಟೆ ಕೆದಕೋದೂ ಸೇರಿದೆ. ದೂರದಿಂದ ತೆಗೀರಿ, ಕೊಂಬೆ ಸರಿಸಬೇಡಿ. ತಾಯಿಹಕ್ಕಿ ನಿಮ್ಮನ್ನ ನೋಡಿ ಗೂಡಿಗೆ ಬರೋದು ನಿಲ್ಲಿಸಿದರೆ ಅವತ್ತಿನ ಶೂಟಿಂಗ್ ಪ್ಯಾಕಪ್. ಅಪ್‌ಲೋಡ್ ಮಾಡೋ ಮುಂಚೆ ಲೊಕೇಶನ್ ಆಫ್ ಮಾಡಿ.