ಹಗರಿಯ ಮರಳಿನಲ್ಲಿ ಹೆಜ್ಜೆಯ ಓದು

ಇತ್ತೀಚಿನ ವರ್ಷಗಳಲ್ಲಿ ನಮ್ಮ ಮುಳಿಯಾರು, ಕಾರಡ್ಕದ ಕಡೆ ಚಿರತೆಯ ಸುದ್ದಿ ಬಂದಾಗಲೆಲ್ಲ ಒಂದು ನೋಟ ತಪ್ಪದೆ ಕಾಣಸಿಗುತ್ತದೆ. ತೋಟದ ಕೆಸರಿನಲ್ಲಿ ಒಂದು ಹೆಜ್ಜೆ, ಅದರ ಸುತ್ತ ಹತ್ತಾರು ಜನ, ಅಷ್ಟೇ ಅಭಿಪ್ರಾಯ. ಅಂಥ ಒಂದು ಗುಂಪಿನಲ್ಲಿ ನಾವೂ ನಿಂತು, ಮಾಷ್ಟ್ರೆಂಬ ಮರ್ಯಾದೆಗೆ ಕಟ್ಟುಬಿದ್ದು, “ಚಿರತೆಯದ್ದೇ, ಸಂಶಯ ಬೇಡ” ಎಂದು ಹೇಳಿದ್ದುಂಟು. ತೇಜಸ್ವಿಯವರು ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್‌ನ ಕಾಡಿನ ಕತೆಗಳನ್ನು ಓದಿದ್ದೇ ನಮ್ಮ ಪಾಂಡಿತ್ಯ. ಅದು ನಾಯಿಯ ಹೆಜ್ಜೆಯಾಗಿತ್ತೆಂದು ತಿಳಿದದ್ದು ಮಾತ್ರ ಬಹುದೂರದ ಕಣೇಕಲ್ಲಿನಲ್ಲಿ.

ಕಣೇಕಲ್ಲು ಇರುವುದು ಆಂಧ್ರಪ್ರದೇಶದ ಅನಂತಪುರ ಜಿಲ್ಲೆಯಲ್ಲಿ. ರಾಯದುರ್ಗದ ಸೀಮೆ 1953ರ ತನಕ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಆಂಧ್ರ ರಾಜ್ಯವಾದಾಗ ಅತ್ತ ಹೋಯಿತು. 1956ರಲ್ಲಿ ನಮಗಾದದ್ದು ಅವರಿಗೆ ಮೂರು ವರ್ಷ ಮೊದಲೇ ಆಯಿತೆನ್ನಿ. ನಮ್ಮೊಡನೆ ಟಿ.ಸಿ.ಎಚ್. ಕಲಿತ ಗೆಳೆಯರೊಬ್ಬರು ಆ ಕಡೆ ಕನ್ನಡ ಮೇಷ್ಟ್ರಾಗಿದ್ದಾರೆ. ಕ್ರಿಸ್ಮಸ್ ರಜೆಯಲ್ಲಿ ಅವರ ಮನೆಗೆ ಹೋಗಿದ್ದೆವು.

ಊರಿಗೆ ಎರಡು ಮುಖ. ಒಂದು ಕಡೆ ತುಂಗಭದ್ರೆಯ ಮೇಲ್ಮಟ್ಟದ ಕಾಲುವೆಯ ನೀರು, ದೊಡ್ಡ ಕೆರೆ, ಭತ್ತದ ಗದ್ದೆ. ಇನ್ನೊಂದು ಕಡೆ ಹಗರಿ, ಎಂದರೆ ವೇದಾವತಿ ಹೊಳೆ. ಹೊಳೆಯೆಂದು ಹೆಸರೇ ಹೊರತು ವರ್ಷದ ಬಹುಭಾಗ ಅಲ್ಲಿ ಕಾಣುವುದು ಮರಳು. ಗಾಳಿಗೆ ಎದ್ದ ಆ ಮರಳು ಕಣೇಕಲ್ಲು, ಬೊಮ್ಮನಹಾಳ್ ಕಡೆಯ ಹೊಲಗಳಲ್ಲಿ ದಿಬ್ಬದಿಬ್ಬವಾಗಿ ಕುಳಿತಿದೆ. ರೈತರಿಗೆ ಅದು ಶಾಪ. ಆದರೆ ರಾತ್ರಿ ಅದರ ಮೇಲೆ ನಡೆದವರ ಲೆಕ್ಕವನ್ನೆಲ್ಲ ಬೆಳಗಿನ ತನಕ ಕಾಪಾಡಿ ಇಡುವುದೂ ಆ ಮರಳೇ.

ನಾವು ಹೋದ ಮರುದಿನವೇ ಗದ್ದಲ. ಹೊಲದಲ್ಲಿ ನಿಲ್ಲಿಸಿದ್ದ ಕುರಿಮಂದೆಗೆ ರಾತ್ರಿ ಏನೋ ನುಗ್ಗಿ ಎರಡು ಕುರಿ ಸತ್ತಿದ್ದವು, ಐದಾರಕ್ಕೆ ಗಾಯ. ತೋಳವೇ ಎಂದು ಎಲ್ಲರ ತೀರ್ಮಾನ. ಗುಡ್ಡದ ಬಂಡೆಯ ಸಂದಿನಲ್ಲಿ ತೋಳ ಮರಿ ಹಾಕಿದೆಯೆಂದು ಹುಡುಗರಿಗೆ ಗೊತ್ತಿತ್ತು. ಹುಲ್ಲು, ಒಣಮೆಣಸಿನಕಾಯಿ ಸಿದ್ಧವಾಯಿತು. ಗವಿಯ ಬಾಯಿಗೆ ಹೊಗೆ ಹಾಕಿದರೆ ಮರಿಗಳ ಕತೆ ಅಲ್ಲಿಗೆ ಮುಗಿಯಿತು. ತೋಳವು 1972ರ ವನ್ಯಜೀವಿ ಕಾಯ್ದೆಯ ಒಂದನೆಯ ಪಟ್ಟಿಯಲ್ಲಿರುವ ಪ್ರಾಣಿ, ಕೊಂದರೆ ಸೆರೆಮನೆ ಎಂದು ಗೆಳೆಯರು ಹೇಳಿ ನೋಡಿದರು. ಕುರಿ ಕಳೆದುಕೊಂಡವನಿಗೆ ಕಾಯ್ದೆ ರುಚಿಸುತ್ತದೆಯೇ?

ತಡೆದವರು ಎಪ್ಪತ್ತು ದಾಟಿದ ಒಬ್ಬ ಕುರುಬರ ತಾತ. ಸತ್ತ ಕುರಿಗಳಲ್ಲಿ ಒಂದು ಅವರದೇ. “ತಡೀರಪ್ಪ, ಮೊದ್ಲು ನೆಲ ಕೇಳಾಣ” ಎಂದು ಕಂಬಳಿ ಹೆಗಲಿಗೇರಿಸಿ ಹೊರಟರು. ನಾವೂ ಹಿಂದೆ ಹೊರಟೆವು. ನಾಲ್ಕು ಹೆಜ್ಜೆ ಹೋಗಿರಲಿಲ್ಲ, ಬೈಗುಳ ಬಿತ್ತು: “ಮೇಷ್ಟ್ರೇ, ಜಾಡಿನ ಮ್ಯಾಲೇ ಕಾಲಿಡ್ತೀರಲ್ರೀ! ಪಕ್ಕಕ್ಕೆ ಬರ್ರಿ.” ಜಾಡನ್ನು ಎಂದೂ ತುಳಿಯಬಾರದು, ಅದು ಮೊದಲ ಪಾಠ. ಎರಡನೆಯದು ಬಿಸಿಲಿನದು. ಹೆಜ್ಜೆಯನ್ನು ಸೂರ್ಯನಿಗೂ ನಮಗೂ ನಡುವೆ ಇಟ್ಟುಕೊಂಡು, ಬೆಳಗಿನ ಓರೆ ಬಿಸಿಲಿನಲ್ಲಿ ನೋಡಬೇಕು. ನೆರಳು ಬಿದ್ದು ಅಂಚು ಎದ್ದು ಕಾಣುತ್ತದೆ. ನಡುಹಗಲಲ್ಲಿ ಅದೇ ಮರಳು ಬರಿಯ ಹಲಗೆ.

ಹೆಜ್ಜೆಯ ಹೊತ್ತನ್ನು ಹೇಗೆ ತಿಳಿಯುವುದು? ರಾತ್ರಿ ಓಡಾಡುವ ಹುಳುವಿನ ಗೆರೆ ಹೆಜ್ಜೆಯ ಮೇಲೆ ಹಾದುಹೋಗಿದ್ದರೆ ಹೆಜ್ಜೆ ಮೊದಲು, ಹುಳು ಆಮೇಲೆ. ಅಂಚು ಚೂಪಾಗಿದ್ದರೆ ಹೊಸದು. ಗಾಳಿಗೆ ಕುಸಿದಿದ್ದರೆ ಹಳೆಯದು. ಮೊಲದ ಜಾಡಿನಲ್ಲಿ ಹಿಂಗಾಲು ಮುಂಗಾಲಿಗಿಂತ ಮುಂದೆ ಬಿದ್ದಿರುತ್ತದೆ. ಕರಡಿಯ ಹಿಂಗಾಲು ಮನುಷ್ಯನ ಪಾದವನ್ನೇ ಹೋಲುತ್ತದೆ, ಮುಂಗಾಲಿನ ಉಗುರಿನ ಗುರುತು ಮಾತ್ರ ಬೆರಳಿಂದ ಬಹಳ ಮುಂದೆ. ಚಿರತೆ, ಬೆಕ್ಕುಗಳು ನಡೆಯುವಾಗ ಉಗುರನ್ನು ಒಳಗೆಳೆದುಕೊಳ್ಳುವುದರಿಂದ ಉಗುರಿನ ಗುರುತು ಸಾಮಾನ್ಯವಾಗಿ ಮೂಡುವುದೇ ಇಲ್ಲ. ಇದನ್ನು ಕೇಳಿದಾಗಲೇ ನಮಗೆ ತೋಟದ ಕೆಸರು ನೆನಪಾಯಿತು. ಆ ಹೆಜ್ಜೆಯಲ್ಲಿ ನಾಲ್ಕೂ ಉಗುರು ಸ್ಪಷ್ಟವಾಗಿದ್ದವು!

ನಾಯಿಯೋ ತೋಳವೋ ಎಂಬುದು ಇನ್ನೂ ಕಷ್ಟ. ಎರಡಕ್ಕೂ ಉಗುರು ಮೂಡುತ್ತದೆ. ಒಂದೇ ಹೆಜ್ಜೆ ನೋಡಿ ಹೇಳುವವನು ಸುಳ್ಳುಗಾರನೆಂದು ತಾತನ ಮತ. ನಮ್ಮ ಸರ್ಕಾರದವರೂ ಹುಲಿಗಳನ್ನು ಬಹುಕಾಲ ಹೆಜ್ಜೆಯ ಅಚ್ಚಿನಿಂದಲೇ ಎಣಿಸುತ್ತಿದ್ದರು. ರಾಜಸ್ಥಾನದ ಸರಿಸ್ಕಾದಲ್ಲಿ ಹುಲಿಗಳೇ ಉಳಿದಿಲ್ಲವೆಂದು 2005ರಲ್ಲಿ ಬಯಲಾದ ಮೇಲೆ ಆ ಎಣಿಕೆಯನ್ನು ಬಿಟ್ಟು ಕ್ಯಾಮೆರಾ ಹಿಡಿದರು. ತಾತ ನೋಡಿದ್ದು ಹೆಜ್ಜೆಯನ್ನಲ್ಲ, ನಡಿಗೆಯನ್ನು. ಕೆಲಸದ ಮೇಲೆ ಹೊರಟ ತೋಳ ದಾರ ಹಿಡಿದಂತೆ ನೆಟ್ಟಗೆ ಹೋಗುತ್ತದೆ. ಮುಂಗಾಲಿನ ಅಚ್ಚಿನಲ್ಲೇ ಹಿಂಗಾಲು ಬೀಳುತ್ತದೆ. ಇಲ್ಲಿ ನಾಲ್ಕು ಜಾಡು, ನಾಲ್ಕೂ ಅಡ್ಡಾದಿಡ್ಡಿ. ಒಂದು ಪೊದೆಯ ಬಳಿ ನಿಂತಿದೆ, ಒಂದು ಸುತ್ತು ಹಾಕಿದೆ. ಗಾಯಗಳೂ ಹಾಗೆಯೇ: ತೊಡೆ, ಕಿವಿ, ಬಾಲ, ಸಿಕ್ಕಿದಲ್ಲಿ ಕಡಿತ. “ತ್ವಾಳ ಆಗಿದ್ರೆ ಗಂಟ್ಲು ಹಿಡಿದು ಒಂದನ್ನ ಹೊತ್ಕೊಂಡು ಹೋಗ್ತಿತ್ತು. ಇವು ಆಟ ಆಡ್ಯಾವೆ.” ಜಾಡು ಗುಡ್ಡದತ್ತ ತಿರುಗಲೇ ಇಲ್ಲ. ನೇರ ಊರ ಹೊರಗಿನ ಕೋಳಿ ಅಂಗಡಿಯ ಹಿಂದಕ್ಕೆ ಹೋಯಿತು. ನಾಲ್ಕು ಬೀದಿನಾಯಿಗಳು ಬಿಸಿಲು ಕಾಯಿಸುತ್ತಿದ್ದವು.

ಹುಲ್ಲಿನ ಕಟ್ಟು ಮನೆಗೆ ಮರಳಿತು. ಕುರಿ ಮರಳಲಿಲ್ಲವೆನ್ನಿ. ನಾಯಿಗಳನ್ನು ಏನು ಮಾಡುವುದೆಂಬ ಚರ್ಚೆ ನಾವು ಹೊರಡುವ ದಿನವೂ ಮುಗಿದಿರಲಿಲ್ಲ.

ಆಫ್ರಿಕದ ಕಲಹಾರಿ ಮರುಭೂಮಿಯ ಸಾನ್ ಜನ ಈ ವಿದ್ಯೆಯಲ್ಲಿ ಜಗತ್ಪ್ರಸಿದ್ಧರು. ಜಾಡು ಹಿಡಿಯುವುದೇ ವಿಜ್ಞಾನದ ಮೂಲವೆಂದು ಲೂಯಿ ಲೀಬೆನ್‌ಬರ್ಗ್ ಎಂಬವರು 1990ರಲ್ಲಿ ಪುಸ್ತಕ ಬರೆದರು. ಅಕ್ಷರ ಬಾರದ ಜಾಡುಗಾರರೂ ಕಂಡದ್ದನ್ನು ದಾಖಲಿಸುವಂತೆ, ಪ್ರಾಣಿಗಳ ಚಿತ್ರ ಒತ್ತಿದರೆ ಸಾಕಾಗುವ ಕೈಯಂತ್ರವನ್ನೂ ರೂಪಿಸಿದರು. ಅಲ್ಲಿ ಜಾಡುಗಾರರಿಗೆ ಪರೀಕ್ಷೆಯಿದೆ, ಪ್ರಮಾಣಪತ್ರವಿದೆ. ನಮ್ಮ ತಾತನಿಗೆ ಇರುವುದು ರೇಷನ್ ಕಾರ್ಡು. ಮೊಮ್ಮಗ ಅನಂತಪುರದ ಇಂಗ್ಲಿಷ್ ಶಾಲೆಯ ಹಾಸ್ಟೆಲಿನಲ್ಲಿದ್ದಾನೆ. ರಜೆಗೆ ಬಂದವನು ನಮ್ಮೊಡನೆ ಬಂದಿದ್ದ. ಗೊರಸು, ಹಿಕ್ಕೆ ಎಂಬ ಮಾತುಗಳ ಅರ್ಥವನ್ನು ನಮ್ಮ ಹಾಗೆ ಅವನೂ ಕೇಳಿಯೇ ತಿಳಿದುಕೊಂಡ.

ಊರಿಗೆ ಬಂದ ಮೇಲೆ ಶಾಲೆಯ ಹಿತ್ತಿಲಲ್ಲಿ, ನೀರಿನ ನಲ್ಲಿಯ ಬಳಿ, ಎರಡು ಬುಟ್ಟಿ ಹೊಯ್ಗೆ ಹರಡಿಸಿದೆವು. ಎಂಟನೆಯ ತರಗತಿಯ ಮಕ್ಕಳು ದಿನವೂ ಬೆಳಗ್ಗೆ ನೋಡಿ ಚಿತ್ರ ಬರೆಯುತ್ತಾರೆ. ಕಾಗೆ, ಬೆಕ್ಕು, ಮುಂಗುಸಿ ಸಿಕ್ಕಿದವು. ಒಂದು ಹೆಜ್ಜೆ ಮಾತ್ರ ಯಾರಿಗೂ ತಿಳಿಯಲಿಲ್ಲ. ಬೆಕ್ಕಿನಷ್ಟೇ ಗಾತ್ರ, ಆದರೆ ಬೆರಳು ಐದು. ಚಿತ್ರವನ್ನು ಗೆಳೆಯರ ಮೂಲಕ ತಾತನಿಗೆ ಕಳಿಸಿದೆವು. ಉತ್ತರ ಬಂತು: “ಮಳೆ ಸೀಮೆ ಪ್ರಾಣಿ ನನಗೇನು ಗೊತ್ರೀ? ನಿಮ್ಮೂರ ಮುದುಕರನ್ನ ಕೇಳ್ರಿ.”

ಕೇಳಿದೆವು. ಒಬ್ಬ ಹುಡುಗಿಯ ಅಜ್ಜ, ಅಡಿಕೆ ಕೊಯ್ಲಿಗೆ ಮರ ಹತ್ತಿ ಪ್ರಾಯ ಕಳೆದವರು, ಚಿತ್ರ ನೋಡಿದ ಕೂಡಲೇ ಪುನುಗು ಬೆಕ್ಕೆಂದು ಹೇಳಿ, ಅದು ಯಾವ ಮರದಿಂದ ಇಳಿಯುತ್ತದೆಂಬುದನ್ನೂ ತೋರಿಸಿದರು.