ಸ್ಟೇರಿಂಗ್ ಹಿಡಿಯದೆ ಏಳು ಸಲ ಚಾಂಪಿಯನ್ ಆದ ಚಾಡ್ ಕನೌಸ್

ಕಾರ್ ರೇಸ್ ಎಂದರೆ ನಮ್ಮ ಕಣ್ಣಿಗೆ ಬೀಳುವುದು ಡ್ರೈವರ್ ಮಾತ್ರ. ಫೋಟೋದಲ್ಲಿ ಅವನೇ, ಕಪ್ ಎತ್ತುವವನೂ ಅವನೇ. ಆದರೆ ಅಮೆರಿಕದ ಸ್ಟಾಕ್ ಕಾರ್ ರೇಸ್ ನೋಡುವವರನ್ನು ಕೇಳಿದರೆ ಡ್ರೈವರ್ ಹೆಸರಿನ ಜೊತೆಗೇ ಇನ್ನೊಂದು ಹೆಸರನ್ನೂ ಹೇಳುತ್ತಾರೆ. ಅದು ಕ್ರೂ ಚೀಫ್‌ನ ಹೆಸರು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಗ್ಯಾರೇಜಿನ ಉಸ್ತಾದ್. ಚಾಡ್ ಕನೌಸ್ ಅಂತಹ ಒಬ್ಬ ಉಸ್ತಾದ್.

ಸ್ಟಾಕ್ ಕಾರ್ ಎಂದರೆ ಮೊದಲಿಗೆ ಶೋರೂಮಿನಿಂದ ತಂದ ಮಾಮೂಲಿ ಕಾರು. ಅದನ್ನೇ ಓಡಿಸಿ ಪಂದ್ಯ ಮಾಡುತ್ತಿದ್ದರು. 1948ರಲ್ಲಿ ಫ್ಲೋರಿಡಾದ ಡೇಟೋನಾ ಬೀಚ್‌ನಲ್ಲಿ ನಾಸ್ಕಾರ್ ಎಂಬ ಸಂಸ್ಥೆ ಹುಟ್ಟಿ ಈ ಆಟಕ್ಕೆ ನಿಯಮ ತಂದಿತು. ಈಗಿನ ಕಾರುಗಳು ರೇಸಿಗೆಂದೇ ತಯಾರಾದವು, ಹೊರಗಿನ ರೂಪ ಮಾತ್ರ ರಸ್ತೆಯ ಕಾರಿನ ಹಾಗೆ.

ಉಸ್ತಾದ್‌ನ ಕೆಲಸ ಎಂತ?

ಒಂದು ವಿಷಯ ಕೇಳಿದರೆ ಆಶ್ಚರ್ಯ ಆದೀತು. ಈ ಕಾರುಗಳಲ್ಲಿ ಪೆಟ್ರೋಲ್ ಎಷ್ಟು ಉಳಿದಿದೆ ಎಂದು ತೋರಿಸುವ ಮುಳ್ಳೇ ಇಲ್ಲ. ಇನ್ನೆಷ್ಟು ಸುತ್ತು ಓಡಬಹುದು ಎಂಬ ಲೆಕ್ಕವನ್ನು ಹೊರಗೆ ಕುಳಿತ ಕ್ರೂ ಚೀಫ್ ಹಾಕಬೇಕು. ಲೆಕ್ಕ ತಪ್ಪಿದರೆ ಗೆಲ್ಲುವ ಕಾರು ಕೊನೆಯ ಸುತ್ತಿನಲ್ಲಿ ನಿಂತುಬಿಡುತ್ತದೆ.

ತಿರುವಿನಲ್ಲಿ ಕಾರು ತಿರುಗುತ್ತಾ ಇಲ್ಲ ಅಥವಾ ಹಿಂಭಾಗ ಜಾರುತ್ತಿದೆ ಎಂದು ಡ್ರೈವರ್ ರೇಡಿಯೋದಲ್ಲಿ ಹೇಳುತ್ತಾನೆ. ಅಷ್ಟು ಮಾತಿನಿಂದಲೇ ಟಯರಿನ ಗಾಳಿ ಎಷ್ಟು ಕಡಿಮೆ ಮಾಡಬೇಕು, ಸ್ಪ್ರಿಂಗ್ ಎಷ್ಟು ಬಿಗಿ ಮಾಡಬೇಕು ಎಂದು ಇವನು ತೀರ್ಮಾನಿಸಬೇಕು. ಕಾರು ಪಿಟ್‌ಗೆ ಬಂದರೆ ನಾಲ್ಕು ಟಯರ್ ಬದಲಿಸಿ, ಪೆಟ್ರೋಲ್ ತುಂಬಿಸಿ ಕಳಿಸಲು ಕನೌಸ್ ಅವರ ಕಾಲದಲ್ಲಿ ಸುಮಾರು 13-14 ಸೆಕೆಂಡ್ ಬೇಕಾಗುತ್ತಿತ್ತು. ವರ್ಷಕ್ಕೆ 36 ಪಂದ್ಯ. ವಾರದ ಉಳಿದ ದಿನ ವರ್ಕ್‌ಶಾಪಿನಲ್ಲಿ ಮುಂದಿನ ಕಾರಿನ ತಯಾರಿ.

ತಂದೆಯ ಗ್ಯಾರೇಜಿನಿಂದ

ಕನೌಸ್ ಹುಟ್ಟಿದ್ದು 1971ರಲ್ಲಿ, ಇಲಿನಾಯ್ ರಾಜ್ಯದ ರಾಕ್‌ಫರ್ಡ್‌ನಲ್ಲಿ. ತಂದೆ ಊರಿನ ಸಣ್ಣ ಟ್ರ್ಯಾಕ್‌ಗಳಲ್ಲಿ ರೇಸ್ ಓಡಿಸುತ್ತಿದ್ದರು. ಮೀಸೆ ಮೂಡುವ ವಯಸ್ಸಿಗೇ ಮಗ ತಂದೆಯ ಕಾರಿನ ಮೇಲೆ ಕೈಯಾಡಿಸಿ ಕೆಲಸ ಕಲಿತಿದ್ದ. ಆಮೇಲೆ ರೇಸಿಂಗ್ ತಂಡಗಳೆಲ್ಲ ಇರುವ ನಾರ್ತ್ ಕೆರೋಲಿನಾಕ್ಕೆ ಹೋದರು. 1993ರಲ್ಲಿ ಹೆಂಡ್ರಿಕ್ ತಂಡ ಸೇರಿದಾಗ ಸಿಕ್ಕಿದ್ದು ಕಾರಿನ ಬಾಡಿ ತಯಾರಿಸುವ, ಟಯರ್ ಬದಲಿಸುವ ಕೆಲಸ. ಅಲ್ಲಿ ಜೆಫ್ ಗಾರ್ಡನ್ ಡ್ರೈವರ್, ರೇ ಎವರ್ನ್‌ಹ್ಯಾಮ್ ಕ್ರೂ ಚೀಫ್. ಅವರ ಕೈಕೆಳಗೆ ಪಳಗಿ, ಬೇರೆ ತಂಡಗಳಲ್ಲೂ ದುಡಿದು, 2002ರಲ್ಲಿ ಹೆಂಡ್ರಿಕ್ ತಂಡಕ್ಕೇ ಕ್ರೂ ಚೀಫ್ ಆಗಿ ಮರಳಿದರು. ಡ್ರೈವರ್ ಹೊಸ ಹುಡುಗ, ಜಿಮ್ಮಿ ಜಾನ್ಸನ್. ಕಾರಿನ ನಂಬರ್ 48.

ಹಾಲು ಮತ್ತು ಬಿಸ್ಕೆಟ್

ಮೊದಲ ವರ್ಷವೇ ಗೆಲುವು ಬಂತು, ಚಾಂಪಿಯನ್‌ಶಿಪ್ ಬರಲಿಲ್ಲ. 2004ರಲ್ಲಿ ಬರೇ 8 ಅಂಕದಿಂದ ಕೈತಪ್ಪಿತು. 2005ರಲ್ಲಿ ಕೊನೆಯ ಪಂದ್ಯದಲ್ಲಿ ಕಾರು ಗೋಡೆಗೆ ಬಡಿಯಿತು. ಸೋತ ಮನೆಯಲ್ಲಿ ಜಗಳ ಹುಟ್ಟುವುದು ಹೊಸತಲ್ಲ. ಇಬ್ಬರೂ ಒಬ್ಬರ ಮೇಲೊಬ್ಬರು ಸಿಟ್ಟಾಗಿ, ಬೇರೆಯಾಗುವ ಹಂತಕ್ಕೆ ಬಂದರು.

ಆಗ ಮಾಲಕ ರಿಕ್ ಹೆಂಡ್ರಿಕ್ ಇಬ್ಬರನ್ನೂ ಆಫೀಸಿಗೆ ಕರೆದರು. ಮೇಜಿನ ಮೇಲೆ ಹಾಲು ಮತ್ತು ಬಿಸ್ಕೆಟ್ ಇಟ್ಟಿದ್ದರು. ಮಕ್ಕಳ ಹಾಗೆ ಜಗಳವಾಡುವುದಾದರೆ ಮಕ್ಕಳ ಹಾಗೆಯೇ ಕುಳಿತು ಮಾತಾಡಿ ಎಂಬುದು ಅದರ ಅರ್ಥ. ಒಳಗಿದ್ದದ್ದನ್ನೆಲ್ಲ ಇಬ್ಬರೂ ಹೇಳಿಕೊಂಡರು. ಬೇರೆಯಾಗಲಿಲ್ಲ.

2006ರಿಂದ 2010ರ ತನಕ ಸತತ ಐದು ವರ್ಷ ಅವರೇ ಚಾಂಪಿಯನ್. ಅದಕ್ಕೆ ಮೊದಲು ಸತತ ಮೂರಕ್ಕಿಂತ ಹೆಚ್ಚು ಗೆದ್ದವರು ಯಾರೂ ಇರಲಿಲ್ಲ. ಮತ್ತೆ 2013 ಮತ್ತು 2016ರಲ್ಲಿ ಎರಡು ಸೇರಿ ಒಟ್ಟು ಏಳು.

ಶಿಕ್ಷೆಯೂ ಆಗಿತ್ತು

ಹೊಗಳಿಕೆ ಮಾತ್ರ ಬರೆದರೆ ಅರ್ಧ ಕಥೆ ಆದೀತು. ಕನೌಸ್ ನಿಯಮದ ಗೆರೆಯನ್ನು ಮೆಟ್ಟಿಕೊಂಡೇ ನಡೆಯುವ ಮನುಷ್ಯ ಎಂಬ ಹೆಸರೂ ಇತ್ತು. 2006ರ ಫೆಬ್ರವರಿಯಲ್ಲಿ, ಅತಿ ದೊಡ್ಡ ಪಂದ್ಯವಾದ ಡೇಟೋನಾ 500ಕ್ಕೆ ಮುಂಚೆ, ಕಾರಿನ ಹಿಂದಿನ ಗಾಜನ್ನು ನಿಯಮ ಮೀರಿ ಎತ್ತರಿಸಿದ್ದು ತಪಾಸಣೆಯಲ್ಲಿ ಸಿಕ್ಕಿಬಿತ್ತು. ಗಾಳಿಯ ಹರಿವು ಅಷ್ಟು ಬದಲಾದರೂ ವೇಗಕ್ಕೆ ಲಾಭ ಉಂಟು. ಕನೌಸ್ ಅವರನ್ನು ಟ್ರ್ಯಾಕಿನಿಂದ ಹೊರಗೆ ಕಳಿಸಿದರು, ಅಮಾನತು ಮಾಡಿದರು. ಸಹಾಯಕ ಡೇರಿಯನ್ ಗ್ರಬ್ ಜವಾಬ್ದಾರಿ ಹೊತ್ತರು. ಜಾನ್ಸನ್ ಆ ಡೇಟೋನಾ 500 ಗೆದ್ದರು!

ಇದರಲ್ಲಿ ಎರಡು ಮಾತು ಉಂಟು. ಉಸ್ತಾದ್ ಇಲ್ಲದಾಗಲೂ ಕೆಲಸ ನಿಲ್ಲದ ಹಾಗೆ ಅವರು ತಂಡ ಕಟ್ಟಿದ್ದರು, ಅದು ದೊಡ್ಡ ಗುಣ. ಆದರೆ ಸರಿಯಾದ ಕಾರಿನಲ್ಲೇ ಗೆಲ್ಲಬಹುದಾಗಿದ್ದರೆ ಆ ಅಡ್ಡದಾರಿ ಯಾಕೆ ಬೇಕಿತ್ತು? ಅಷ್ಟಕ್ಕೇ ಮುಗಿಯಲೂ ಇಲ್ಲ. 2007ರಲ್ಲಿ ಕಾರಿನ ಫೆಂಡರ್ ವಿಷಯದಲ್ಲಿ ಆರು ಪಂದ್ಯ ಅಮಾನತು, ಒಂದು ಲಕ್ಷ ಡಾಲರ್ ದಂಡ. 2012ರ ಅಮಾನತು ಮಾತ್ರ ಮೇಲ್ಮನವಿಯಲ್ಲಿ ರದ್ದಾಯಿತು. ನಿಯಮದ ಪುಸ್ತಕದಲ್ಲಿ ಬರೆದಿಲ್ಲದ್ದೆಲ್ಲ ಮಾಡಬಹುದು ಎಂದು ಹೊರಟರೆ ಒಂದು ದಿನ ಬರೆದಿರುವುದನ್ನೂ ದಾಟಿಬಿಡುತ್ತೇವೆ.

ಕಠಿಣ ತೀರ್ಮಾನ

2010ರ ನವೆಂಬರ್, ಟೆಕ್ಸಾಸ್ ಪಂದ್ಯ. ಚಾಂಪಿಯನ್‌ಶಿಪ್ ಕೈಜಾರುವ ಹಾಗಿತ್ತು. ಟಯರ್ ಬದಲಿಸುವ ಹುಡುಗರು ಮತ್ತೆ ಮತ್ತೆ ತಡಮಾಡುತ್ತಿದ್ದರು. ಅದೇ ಹೆಂಡ್ರಿಕ್ ತಂಡದ ಗಾರ್ಡನ್ ಕಾರು ಆ ದಿನ ಅಪಘಾತವಾಗಿ ನಿಂತಿತ್ತು. ಪಂದ್ಯದ ನಡುವೆಯೇ ಕನೌಸ್ ತನ್ನ ಹುಡುಗರನ್ನು ಪಕ್ಕಕ್ಕೆ ಕೂರಿಸಿ ಗಾರ್ಡನ್‌ನ ಹುಡುಗರನ್ನು ಕರೆಸಿದರು. ಜೊತೆಗೆ ದುಡಿದವರನ್ನು ಎಲ್ಲರ ಎದುರು ಬದಿಗೆ ಸರಿಸುವುದು ಸುಲಭದ ಮಾತಲ್ಲ. ಕೊನೆಯ ಪಂದ್ಯದಲ್ಲಿ ಐದನೇ ಕಪ್ ಬಂತು. ಲೆಕ್ಕಕ್ಕೆ ತೀರ್ಮಾನ ಸರಿ. ಆದರೆ ಆ ಹುಡುಗರ ಮನಸ್ಸಿಗೆ ಏನಾಗಿರಬೇಕು ಎಂಬುದನ್ನು ಕಪ್ ಹೇಳುವುದಿಲ್ಲ.

ಜಾನ್ಸನ್ ಜೊತೆ 81 ಗೆಲುವು ಕಂಡ ಮೇಲೆ, 2018ರ ಕೊನೆಗೆ ಇಬ್ಬರ ದಾರಿ ಬೇರೆಯಾಯಿತು. ಆಗ ಕನೌಸ್ ಎಳೆಯ ಡ್ರೈವರ್ ವಿಲಿಯಂ ಬೈರನ್‌ಗೆ ಉಸ್ತಾದ್ ಆದರು. 2020ರ ಆಗಸ್ಟ್‌ನಲ್ಲಿ ಡೇಟೋನಾದಲ್ಲಿ ಆ ಹುಡುಗನಿಗೆ ಮೊದಲ ಗೆಲುವು ಸಿಕ್ಕಿತು. ಆಮೇಲೆ ಕನೌಸ್ ಪಿಟ್ ಬಿಟ್ಟು ಇಡೀ ತಂಡದ ಉಪಾಧ್ಯಕ್ಷರಲ್ಲಿ ಒಬ್ಬರಾದರು. ಕ್ರೂ ಚೀಫ್ ಆಗಿ ಅವರಿಗಿಂತ ಹೆಚ್ಚು ಚಾಂಪಿಯನ್‌ಶಿಪ್ ಇರುವುದು ಡೇಲ್ ಇನ್ಮನ್ ಒಬ್ಬರಿಗೇ, ಎಂಟು.

2024ರ ಜನವರಿಯಲ್ಲಿ ನಾಸ್ಕಾರ್ ಹಾಲ್ ಆಫ್ ಫೇಮ್‌ಗೆ ಕನೌಸ್ ಮತ್ತು ಜಾನ್ಸನ್ ಒಂದೇ ದಿನ ಸೇರಿದರು. ಪಾಲುದಾರಿಕೆಯಲ್ಲಿ ವ್ಯಾಪಾರ ಮಾಡುವವರು, ಅಣ್ಣ ತಮ್ಮ ಸೇರಿ ಅಂಗಡಿ ನಡೆಸುವವರು ನಮ್ಮಲ್ಲಿ ಎಷ್ಟೋ ಮಂದಿ ಇದ್ದಾರೆ. ಹಾಲು ಬಿಸ್ಕೆಟ್ ಇಟ್ಟ ಆ ಮೇಜಿನಿಂದ ಇಬ್ಬರಲ್ಲಿ ಒಬ್ಬರು ಸಿಟ್ಟಿನಿಂದ ಎದ್ದು ಹೋಗಿದ್ದರೂ ಈ ಏಳರಲ್ಲಿ ಒಂದು ಕಪ್ ಕೂಡ ಅವರಿಬ್ಬರ ಹೆಸರಲ್ಲಿ ಇರುತ್ತಿರಲಿಲ್ಲ.